ಕರೆಂಟ್ ಹೋದಾಗ ಅಳೆದ ಹದಿಮೂರು ಸೆಕೆಂಡು

ಪುಟ್ಟೇನಹಳ್ಳಿ
ಸೋಮವಾರ, ಬೆಳಗಿನ ಆರು ಗಂಟೆ

ಪ್ರೀತಿಯ ಸಂಯುಕ್ತಕ್ಕಾ,

ಕೋಗಿಲು ಕ್ರಾಸ್‌ನಲ್ಲಿ ನೀವು ಆಫೀಸ್ ಕ್ಯಾಬ್ ಹತ್ತಿದ ತಕ್ಷಣ ಈ ಕಾಗದ ನಿಮ್ಮ ಕೈಗೆ ಕೊಡುತ್ತೇನೆ. ಹೆಬ್ಬಾಳ ಫ್ಲೈಓವರ್ ದಾಟುವುದರೊಳಗೆ ಓದಿ ಮುಗಿಸಿ. ಬಾಯಿಬಿಟ್ಟು ಹೇಳಲು ನಿನ್ನೆಯಿಂದ ಧೈರ್ಯ ಸಾಲುತ್ತಿಲ್ಲ. ನಾಲ್ಕು ಸಲ ನಿಮ್ಮ ನಂಬರ್ ಒತ್ತಿ, ರಿಂಗ್ ಆಗುವ ಮುಂಚೆಯೇ ಕಟ್ ಮಾಡಿದ್ದೇನೆ.

ನಮ್ಮ ಪಟ್ಟಿ ತಪ್ಪು, ಅಕ್ಕಾ. ನಮ್ಮದಲ್ಲ, ನನ್ನದು.

ನಮ್ಮ ಬಸ್ ವೇಳಾಪಟ್ಟಿಯ ಪ್ರೋಗ್ರಾಂ ಹಳೆಯ ಹ್ಯಾಸ್ಕೆಲ್ ಕಂಪೈಲರ್‌ನಲ್ಲಿ ಕಟ್ಟಿದರೆ ಓಡಲು ಹದಿಮೂರು ಸೆಕೆಂಡು ತೆಗೆದುಕೊಳ್ಳುತ್ತದೆ, ಹೊಸದರಲ್ಲಿ ಒಂಬತ್ತೇ ಸಾಕು ಎಂದು ಪಟ್ಟಿಯಲ್ಲಿ ಬರೆದುಕೊಟ್ಟೆನಲ್ಲ, ಅದು ವೇಗ ಹೆಚ್ಚಿಸುವ ಆಪ್ಟಿಮೈಸೇಶನ್ ಪೂರ್ತಿ ಹಾಕಿದ ಓ-ಟು ಸೆಟ್ಟಿಂಗ್‌ನ ಲೆಕ್ಕ. ಕಡಿಮೆ ಹಾಕಿದ ಓ-ಒನ್‌ನಲ್ಲೂ, ಪೂರ್ತಿ ತೆಗೆದರೂ ಹೊಸದೇ ಮುಂದಿತ್ತು. "ಎರಡನ್ನೂ ಒಂದೇ ಥರ ಅಳೆದ್ಯಾ ಕಣೇ?" ಎಂದು ನೀವು ಕೇಳಿದಿರಿ. "ಹ್ಞೂಂ ಅಕ್ಕಾ" ಅಂದುಬಿಟ್ಟೆ.

ನಿನ್ನೆ ಮಧ್ಯಾಹ್ನ ಸುಮ್ಮನೆ ಹೊಸದನ್ನು ಇನ್ನೊಮ್ಮೆ ಓಡಿಸುತ್ತಿದ್ದೆ. ಕೆಳಗಿನಿಂದ ಮನೆ ಓನರ್ ರತ್ನಕ್ಕ ಕೂಗಿದರು: "ಕರೆಂಟ್ ಹೋಯ್ತು ಕಣಮ್ಮಾ, ನೀರು ನೋಡ್ಕೊಂಡ್ ಬಳಸು." ಒಂಬತ್ತು ಬರಬೇಕಾದ ಪರದೆಯ ಮೇಲೆ ಹದಿಮೂರು ಸೆಕೆಂಡು ಬಂತು. ಪಟ್ಟಿಗಾಗಿ ಅಳೆದ ಬುಧವಾರವೂ ರತ್ನಕ್ಕ ಇದನ್ನೇ ಕೂಗಿದ್ದರು, ಆಗ ಓಡುತ್ತಿದ್ದದ್ದು ಹಳೆಯದು. ಕರೆಂಟ್ ಬಂದ ಮೇಲೆ ಊಟ ಮುಗಿಸಿ ಹೊಸದನ್ನು ಅಳೆದಿದ್ದೆ. ಬ್ಯಾಟರಿಯಲ್ಲಿದ್ದರೆ ನನ್ನ ಲ್ಯಾಪ್‌ಟಾಪ್ ನಿಧಾನವಾಗುತ್ತದೆ ಎಂಬುದು ಗೊತ್ತಿಲ್ಲದ್ದೇನಲ್ಲ. ಎಂಥ ದಡ್ಡಿ ನಾನು.

ಕರೆಂಟ್ ಬಂದದ್ದೇ ಚಾರ್ಜರ್ ಸಿಕ್ಕಿಸಿ, ಎರಡನ್ನೂ ಮೂರೂ ಸೆಟ್ಟಿಂಗ್‌ನಲ್ಲಿ ಇಪ್ಪತ್ತಿಪ್ಪತ್ತು ಸಲ ಓಡಿಸಿದೆ. ದೇವರೇ, ಹೊಸದೇ ಗೆಲ್ಲಲಿ ಎಂದು ಕೂತಿದ್ದೆ. ಓ-ಟುನಲ್ಲಿ ಹಳೆಯದಕ್ಕೂ ಒಂಬತ್ತೇ ಸೆಕೆಂಡು. ಉಳಿದವುಗಳಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ.

ಇವತ್ತು ಹತ್ತಕ್ಕೆ ಮೀಟಿಂಗ್. ಎಲ್ಲವನ್ನೂ ಹೊಸದಕ್ಕೆ ಬದಲಿಸೋಣ ಎಂದು ನೀವು ಆ ಪಟ್ಟಿ ಹಿಡಿದು ಹೇಳುವವರಿದ್ದೀರಿ. ಒಂದೂವರೆ ವರ್ಷ ಮಗು ನೋಡಿಕೊಂಡು ಈಗಷ್ಟೇ ಕೆಲಸಕ್ಕೆ ಮರಳಿದ್ದೀರಿ. "ಸಂಯುಕ್ತಾಗೆ ಈಗ ಟಚ್ ಇಲ್ಲ ಬಿಡ್ರೀ" ಎಂದು ಟೀಮ್ ಲೀಡ್ ಗಿರಿ ಎಲ್ಲರೆದುರು ಅಂದದ್ದು ನನಗೂ ಕೇಳಿಸಿತ್ತು. ಆ ಸಿಟ್ಟಿಗೇ ಪಟ್ಟಿಯಲ್ಲಿ ನಿಮ್ಮ ಹೆಸರು ಮೊದಲು ಹಾಕಿದೆ. "ಅಳೆದಿದ್ದು ನೀನು, ನಿನ್ನ ಹೆಸರೊಂದೇ ಇರ್ಲಿ" ಎಂದಿರಿ. ನಾನು ಕೇಳಲಿಲ್ಲ. ಒಳ್ಳೇದು ಮಾಡಲು ಹೋಗಿ ನಿಮ್ಮನ್ನೇ ಸಿಕ್ಕಿಹಾಕಿಸಿದೆ.

ನೀವು ಮಾತು ಶುರು ಮಾಡುವ ಮುಂಚೆ ನಾನೇ ಎದ್ದು ಎಲ್ಲ ಹೇಳುತ್ತೇನೆ. ಬೈಯುವುದಿದ್ದರೆ ಕ್ಯಾಬ್‌ನಲ್ಲೇ ಬೈದುಬಿಡಿ, ಸುಮ್ಮನೆ ಮಾತ್ರ ಇರಬೇಡಿ. ಹೊಸ ಪಟ್ಟಿ ಈ ಕಾಗದದ ಹಿಂದೆ ಪಿನ್ ಮಾಡಿದ್ದೇನೆ. ತಡವಾಗಿಯಾದರೂ ನಿಮ್ಮ ಮಾತು ಕೇಳಿದ್ದೇನೆ, ಅಕ್ಕಾ. ಅದರ ಮೇಲೆ ನನ್ನ ಹೆಸರೊಂದೇ ಇದೆ.

ನಿಮ್ಮ ಪುಟ್ಟಿ ನೂರು ಕಾಲ ಚೆನ್ನಾಗಿರಲಿ. ಅವಳಮ್ಮ ಇವತ್ತು ಸಂಜೆ ತಲೆ ಎತ್ತಿಕೊಂಡೇ ಮನೆಗೆ ಬರಲಿ.

ಇಂತಿ, ನಿಮ್ಮ ಹಿಂದಿನ ಸೀಟಿನಲ್ಲಿ ಉಸಿರು ಬಿಗಿಹಿಡಿದು ಕೂತಿರುವ
ರಕ್ಷಾ