ಲಾಳಿಯ ಪೆಟ್ಟು

ದೊಡ್ಡಬಳ್ಳಾಪುರ
20-8-2024, ಮಂಗಳವಾರ

ಪ್ರೀತಿಯ ತಮ್ಮ ನರೇಶನಿಗೆ ಅಕ್ಕನ ಆಶೀರ್ವಾದ.

ಹೇಗಿದ್ದೀಯೋ? ಜೈಲಿನ ಊಟ ಸೇರುತ್ತಿದೆಯೇ? ಹೋದ ವಾರ ನೋಡಿದಾಗ ಕೆನ್ನೆ ಒಳಗೆ ಹೋಗಿತ್ತು. ಇಲ್ಲಿ ನನ್ನ ಮಗಳು ಅಕ್ಷತಳ ತುಟಿಯ ಹೊಲಿಗೆ ಬಿಚ್ಚಿದ್ದಾರೆ. ಅಪ್ಪನ ತಲೆಯ ಗಾಯ ಮಾಗಿ, ಆಸ್ಪತ್ರೆಯಿಂದ ಬಂದು ನಾಲ್ಕು ದಿನವಾಯಿತು. ಬಂದ ಗಳಿಗೆಯಿಂದ ಮಗ್ಗದ ಮನೆಯಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದಾರೆ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

ನಾಲ್ಕು ಮಗ್ಗ ಒಟ್ಟಿಗೆ ಬಡಿಯುತ್ತಿದ್ದರೂ ಎಲ್ಲೋ ಒಂದು ಎಳೆ ಹರಿದರೆ ಅಪ್ಪನ ಕಿವಿಗೆ ಗೊತ್ತಾಗುತ್ತದೆ. ಲೋಕವೆಲ್ಲ ಕಿವಿಯಿಂದಲೇ ಕಲಿಯಬೇಕು ಎಂಬ ಹಟ ಅವರಿಗೆ ಅಲ್ಲಿಂದಲೇ ಬಂದದ್ದು. ನೀನು ಕಣ್ಣು ಮುಚ್ಚಿ, ಹಾಸಿನ ನೂಲುಗಳ ಮೇಲೆ ಬೆರಳಾಡಿಸಿ ಹರಿದ ಎಳೆ ಹುಡುಕುತ್ತಿದ್ದೆ. ಅಪ್ಪನ ಪ್ರಕಾರ ಅದು ಕುರುಡರ ಕೆಲಸವಂತೆ. ಹನ್ನೆರಡು ವರ್ಷದ ನಿನ್ನ ಕೈಗಳನ್ನು ಹಿಂದಕ್ಕೆ ಕಟ್ಟಿ ನಿಲ್ಲಿಸಿ, "ಕೇಳುಸ್ಕೊಳ್ಳೋ, ಎಲ್ ಹರೀತು ಹೇಳು" ಎನ್ನುತ್ತ, ತಪ್ಪಿದಾಗಲೆಲ್ಲ ಮಗ್ಗದ ಲಾಳಿಯ ಕಬ್ಬಿಣದ ತುದಿಯಿಂದ ಬೆರಳಿನ ಗೆಣ್ಣಿಗೆ ಹೊಡೆದರು. ನಾನು ಪಕ್ಕದಲ್ಲೇ ನೂಲು ಸುತ್ತುತ್ತ ನೋಡುತ್ತಿದ್ದೆ. ಬಿಡಿಸಲಿಲ್ಲ. ಆ ನಾಚಿಕೆ ನನಗೆ ಇವತ್ತಿಗೂ ಇದೆ.

ಅಕ್ಷತ ನಿನ್ನ ಹಾಗೂ ಅಲ್ಲ, ಅವರ ಹಾಗೂ ಅಲ್ಲ. ಕಣ್ಣಿಗೆ ಕಂಡದ್ದು ಮಾತ್ರ ಅವಳ ತಲೆಯಲ್ಲಿ ನಿಲ್ಲುತ್ತದೆ. ಪೊಲೀಸರು ನಿನ್ನನ್ನು ಕರೆದೊಯ್ದ ಆ ದಿನ ಮಧ್ಯಾಹ್ನ ಅಪ್ಪ ಸೀರೆ ಅಂಚಿನ ಒಂಬತ್ತು ಬಣ್ಣಗಳ ಸಾಲನ್ನು ಬಾಯಲ್ಲಿ ಹೇಳಿ, ತಿರುಗಿ ಹೇಳು ಎಂದರು. ಮಗು ಮೂರಕ್ಕೇ ತಡವರಿಸಿತು. ಆಮೇಲೆ ಮಗ್ಗದ ಮೇಲಿದ್ದ ಸೀರೆ ನೋಡಿದ ನೆನಪಿನಲ್ಲೇ ಒಂಬತ್ತು ನೂಲುಂಡೆಗಳನ್ನು ನೆಲದ ಮೇಲೆ ಸಾಲಾಗಿ ಜೋಡಿಸಿತು. ಒಂದೂ ತಪ್ಪಿರಲಿಲ್ಲ. "ನಾನ್ ಕೇಳಿದ್ದೊಂದು, ನೀನ್ ಮಾಡೋದೊಂದಾ" ಎಂದು ಅಪ್ಪ ಲಾಳಿಯನ್ನು ಅದರ ಬಾಯಿಗೆ ಬೀಸಿದರು. ಎರಡು ಹಲ್ಲು ಉದುರಿದವು. ಇನ್ನೊಮ್ಮೆ ಎತ್ತಿದಾಗ ನಾನು ಮಗ್ಗದ ಪಕ್ಕದಲ್ಲಿದ್ದ ಕಬ್ಬಿಣದ ಸಲಾಕೆ ತೆಗೆದುಕೊಂಡು ಹಿಂದಿನಿಂದ ತಲೆಗೆ ಬಾರಿಸಿದೆ. ಅವರು ಮಗ್ಗದ ಮೇಲೆ ಕವುಚಿ ಬಿದ್ದರು, ನೇಯ್ದಿದ್ದ ಸೀರೆಯೆಲ್ಲ ರಕ್ತವಾಯಿತು. ನೀನು ಓಡಿ ಬಂದು ಸಲಾಕೆ ಕಿತ್ತುಕೊಂಡೆ. ಪೊಲೀಸರ ಮುಂದೆ "ನಾನೇ ಸಾರ್ ಹೊಡ್ದಿದ್ದು" ಅಂದುಬಿಟ್ಟೆ. ಗಂಡನ ಮನೆ ಬಿಟ್ಟು ಬಂದ ಅಕ್ಕ ಜೈಲಿಗೆ ಹೋದರೆ ಮಗುವಿಗೆ ಯಾರು ಎಂದು ನೀನು ಯೋಚಿಸಿದೆ. ನಾನೂ ಸುಮ್ಮನಿದ್ದೆ.

ನಿನ್ನೆ ಊಟಕ್ಕೆ ಬಡಿಸುವಾಗ ಅಪ್ಪ ತಲೆಯೆತ್ತದೆ ಹೇಳಿದರು: "ಏಟು ಬೀಳೋಕ್ ಮುಂಚೆ ಬಳೆ ಸದ್ದು ಕೇಳ್ತು ಕಣಮ್ಮ." ಗೊತ್ತಿದ್ದೂ ನರೇಶನ ಮೇಲೆ ಯಾಕೆ ಹೇಳಿಕೆ ಕೊಟ್ಟಿರಿ ಎಂದೆ. "ಮಗಳು ಹೊಡುದ್ಲು ಅಂತ ಊರಿಗೆ ಸಾರ್ಲಾ? ಅವ್ನು ಇಲ್ಲಿ ಏನೂ ಕಲೀಲಿಲ್ಲ, ಅಲ್ಲಾದ್ರೂ ಕಲೀಲಿ ಬಿಡು" ಎಂದು ಸಾರು ಕಲಸಿಕೊಂಡರು. ಮತ್ತೆ ಹೊಡೆಯಬೇಕು ಅನ್ನಿಸಿತು ನರೇಶ, ನಿನ್ನ ಹತ್ತಿರ ಸುಳ್ಳು ಹೇಳುವುದಿಲ್ಲ. ಮಜ್ಜಿಗೆ ಬಡಿಸಿ ಎದ್ದುಬಂದೆ.

ಮೈ ಕಡೆ ಜೋಪಾನ. ದೇವರು ನಿನ್ನನ್ನು ಕಾಯಲಿ.

ನಿನ್ನ ಅಕ್ಕ,
ರೂಪ

ತಾ.ಕ.: ನಾಳೆ ಬೆಳಿಗ್ಗೆ ಲಾಯರ್ ಮಮತ ಅವರ ಜೊತೆ ಠಾಣೆಗೆ ಹೋಗಿ, ಹೊಡೆದವಳು ನಾನು ಎಂದು ಬರೆದುಕೊಡುತ್ತೇನೆ. ನೀನು ಹೊರಗೆ ಬರುವವರೆಗೆ ಅಕ್ಷತ ತ್ಯಾಮಗೊಂಡ್ಲಿನ ಚಿಕ್ಕಮ್ಮನ ಮನೆಯಲ್ಲಿರುತ್ತಾಳೆ. ಬಂದ ಕೂಡಲೇ ಕರೆದುಕೊಂಡು ಹೋಗು, ಅಪ್ಪನ ಮನೆಗೆ ಮಾತ್ರ ಬೇಡ. ಏನು ಕಲಿಸಿದರೂ ತೋರಿಸಿ ಕಲಿಸು. ಸಿಟ್ಟು ಬಂದರೆ ಎದ್ದು ಹೊರಗೆ ಹೋಗು, ಅವಳ ಮುಂದೆ ಕೈಯೆತ್ತಬೇಡ. ನಾನು ಸಲಾಕೆ ಎತ್ತಿದ್ದನ್ನು ಅವಳು ನೋಡಿದ್ದಾಳೆ.