ರಟ್ಟಿಗೆ ಅಂಟಿದ ಕೊನೆಯ ಪುಟ

ಗುರುವಾರ ಸಂಜೆ
ಅಕ್ಕನ ಮನೆ

ಬೈಂಡಿಂಗ್ ಅಂಗಡಿಯ ಯಜಮಾನರಿಗೆ ನಾಲ್ಕನೇ ತರಗತಿಯ ಶಿಕ್ಷಕಿಯ ನಮಸ್ಕಾರಗಳು.

ಇದು ಶಾಲೆಯ ಪರವಾಗಿ ಬರೆಯುತ್ತಿರುವ ದೂರು. ಮುನಿಸಿಕೊಂಡು ಅಕ್ಕನ ಮನೆ ಸೇರಿದ ಹೆಂಡತಿ ಮೆತ್ತಗಾಗಿದ್ದಾಳೆಂದು ತಿಳಿದು ಮೀಸೆಯಡಿ ನಗಬೇಡಿ.

ಕಳೆದ ತಿಂಗಳು ನಮ್ಮ ಜವಾನ ಹಾಳೆ ಬಿಚ್ಚಿಹೋದ ಮಕ್ಕಳ ಕಾದಂಬರಿಯ ಪ್ರತಿಗಳನ್ನು ನಿಮ್ಮಲ್ಲಿಗೆ ತಂದಿದ್ದನಲ್ಲ. ಕಟ್ಟುವ ಪುಸ್ತಕವನ್ನು ನೀವು ಓದುವವರಲ್ಲ, ಆದ್ದರಿಂದ ಕಥೆ ನಾನೇ ಹೇಳುತ್ತೇನೆ. ಜನಪದ ಕಥೆಯೊಂದನ್ನು ಹಿಗ್ಗಿಸಿ ಬರೆದದ್ದು. ಒಂದು ಮನೆ, ಒಬ್ಬ ಅಜ್ಜಿ, ಒಂದು ಕರಡಿ. ಅಜ್ಜಿಗೆ ಎಲ್ಲದರಲ್ಲೂ ಹುಳುಕು ಹುಡುಕುವ ಚಾಳಿ. ಕರಡಿಗೆ ಸಿಟ್ಟು ಬಂದರೆ ದಿನಗಟ್ಟಲೆ ಬಾಯಿಗೆ ಬೀಗ. ಅಜ್ಜಿ ಮನೆ ಬಿಟ್ಟು ಹೋಗುತ್ತಾಳೆ. ಬೆಟ್ಟ ಹೊಳೆ ಸುತ್ತಿ, ತಿರುಗಿ ಬಂದು, ಬಾಗಿಲು ತಟ್ಟಲು ಕೈ ಎತ್ತುತ್ತಾಳೆ. ಅಲ್ಲಿಗೆ ಮುಗಿಯಿತೆಂದು ನಾವೆಲ್ಲ ನಂಬಿದ್ದೆವು.

ಮುಂದೇನಾಗಿರಬಹುದು, ಪುಸ್ತಕದಲ್ಲೇ ಸಾಕ್ಷಿ ತೋರಿಸಿ ಹೇಳಿ ಎಂದು ಮಕ್ಕಳನ್ನು ಕೇಳಿದೆ. ಎರಡು ಜಡೆಯ ಹುಡುಗಿ, ಕರಡಿ ಒಳಗೇ ಇದೆ ಮಿಸ್, ಮನೆ ಮಾಡಿನಿಂದ ಹೊಗೆ ಬರ್ತಿದೆ ಅಂತ ಬರೆದಿದೆಯಲ್ಲ ಅಂದಳು. ವಕೀಲರ ಮಗ, ಅಜ್ಜಿ ಯಾಕೆ ತಟ್ಟಬೇಕು, ಮಾತು ಬಿಟ್ಟಿದ್ದು ಕರಡಿ, ಅದೇ ಬಂದು ಕರೀಲಿ ಅಂದ. ಅವನಿಗೆ ನಾನು ಬಾಯ್ತುಂಬ ಶಹಬ್ಬಾಸ್ ಅಂದೆ. ಜಡೆಯವಳು ಬಿಡಲಿಲ್ಲ. ನೆಂಟರ ಮುಂದೆ ಕರಡಿ ಹೊಲಿದ ಕಂಬಳಿ ಸೊಟ್ಟ ಅಂದಿದ್ದು ಅಜ್ಜೀನೇ ಅಂತ ಪುಟ ತೆರೆದು ತೋರಿಸಿದಳು. ಗಿರಾಕಿಯ ಮುಂದೆ ನಾನು ನಿಮ್ಮ ಹೊಲಿಗೆಯನ್ನು ಸೊಟ್ಟ ಎಂದದ್ದು ನೆನಪಾಗಿ ಬೋರ್ಡ್ ಒರೆಸಲು ತಿರುಗಿದೆ. ಬೋರ್ಡಿನ ಮೇಲೆ ಏನೂ ಇರಲಿಲ್ಲ.

ಇವತ್ತು ಪಾಠ ನೋಡಲು ಮುಖ್ಯೋಪಾಧ್ಯಾಯಿನಿ ಬಂದಿದ್ದರು. ಕೊನೆಯನ್ನು ಓದುಗರಿಗೇ ಬಿಟ್ಟಿರುವುದು ಈ ಪುಸ್ತಕದ ದೊಡ್ಡತನ ಎಂದು ನಾನು ಕೊರೆಯುತ್ತಿದ್ದಾಗ ವಕೀಲರ ಮಗನ ನೀರಿನ ಬಾಟಲಿ ಪುಸ್ತಕದ ಮೇಲೆ ಉರುಳಿತು. ನೆನೆದ ರಟ್ಟಿನಿಂದ ಕೊನೆಯ ಹಾಳೆ ಎದ್ದು ಬಂತು. ಮಿಸ್, ಹಿಂದೆ ಇನ್ನೂ ಕಥೆ ಇದೆ ಅಂದ. ಎಲ್ಲ ಪ್ರತಿಗಳಲ್ಲೂ ನೀವು ಕೊನೆಯ ಪುಟವನ್ನು ರಟ್ಟಿಗೆ ಮೆತ್ತಿಬಿಟ್ಟಿದ್ದೀರಿ. ದೊಡ್ಡತನ ಗೋಂದಿನದು ಅಂತಾಯ್ತು ಎಂದು ಹೇಳಿ ಮುಖ್ಯೋಪಾಧ್ಯಾಯಿನಿ ಎದ್ದು ಹೋದರು.

ನಿಮ್ಮ ಮೇಲೆ ಮೈಯೆಲ್ಲ ಉರಿಯಿತು. ಬಸ್ಸಿನಲ್ಲಿ ಕೂತಾಗ ಹೊಳೆಯಿತು: ರಟ್ಟಿಗೆ ಅಂಟಿಸಲು ಕೊನೆಯಲ್ಲೊಂದು ಖಾಲಿ ಹಾಳೆ ಸೇರಿಸುವುದನ್ನು ನೀವು ಜನ್ಮದಲ್ಲಿ ಮರೆತವರಲ್ಲ. ಈ ಕಟ್ಟು ನಿಮ್ಮ ಕೈಗೆ ಬಂದದ್ದು ನಾನು ಮನೆ ಬಿಟ್ಟ ವಾರ. ನಿಮ್ಮ ಮನಸ್ಸು ಎಲ್ಲಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ನನಗೆ ಬೇಡ. ನನಗೂ ಇಲ್ಲಿ ಮನಸ್ಸು ನಿಲ್ಲುತ್ತಿಲ್ಲ.

ಆ ಪುಟದಲ್ಲಿ ಏನಿತ್ತೆಂದರೆ, ಅಜ್ಜಿ ತಟ್ಟುವ ಮೊದಲೇ ಕರಡಿ ಬಾಗಿಲು ತೆರೆಯುತ್ತದೆ. ಮಾತಾಡದೆ ಅವಳ ಗಂಟು ಇಸಿದುಕೊಂಡು ಒಳಗೆ ಹೋಗುತ್ತದೆ. ಇದು ಕ್ಷಮೆ ಕೇಳಿದ ಹಾಗಾಯಿತೇ ಎಂದು ಮಕ್ಕಳನ್ನು ಕೇಳಿದೆ. ಕರಡಿಗೆ ಅಷ್ಟೇ ಬರೋದು ಮಿಸ್ ಅಂದಳು ಜಡೆಯವಳು.

ಪುಸ್ತಕಗಳನ್ನು ಸರಿಮಾಡಿಕೊಡಬೇಕಾಗಿ ವಿನಂತಿ.

ಇತಿ,
ದೂರು ಕೊಟ್ಟವಳು

ತಾ.ಕ.: ಪುಸ್ತಕಗಳನ್ನು ಶನಿವಾರ ಮಧ್ಯಾಹ್ನ ನಾನೇ ಮನೆಗೆ ತರುತ್ತೇನೆ. ಎರಡೂ ಕೈಯಲ್ಲಿ ಚೀಲ ಇರುತ್ತದೆ, ಬಾಗಿಲು ತಟ್ಟಲು ಆಗುವುದಿಲ್ಲ.