ಜೌಗಿನ ಮೇಲಿನ ಪೆಂಡಾಲು

ಜುಲೈ 2

ಪ್ರೆಸ್ಸಿನಲ್ಲಿ ರೋಲರ್ ತೊಳೆದೆ. ಸೀಮೆಎಣ್ಣೆ ವಾಸನೆ, ಎಷ್ಟು ಸೋಪು ಹಾಕಿದರೂ ಕೈ ಬಿಡಲ್ಲ. ಕರಪತ್ರ ಮತ್ತೆ ಹೊಡೆದೆ. “ಜೌಗು ಮಾರಾಟಕ್ಕಿಲ್ಲ.” ಮಾಲೀಕ ಖಾಲಿ ಡಬ್ಬ ಅಲ್ಲಾಡಿಸಿ ತೋರಿಸಿದ.

“ನಿನ್ನ ಕ್ರಾಂತಿ ನನ್ನ ಕೆಂಪು ಶಾಯಿನೆಲ್ಲಾ ಕುಡೀತಿದೆ ಕಣಮ್ಮ.”

ಕುಡೀಲಿ.

ಮಧ್ಯಾಹ್ನ ಪೆಂಡಾಲಿಗೆ. ರಸ್ತೆ ಪಕ್ಕದಲ್ಲಿ ಸರ್ಕಾರದ್ದೇ ಬೋರ್ಡು — ರಕ್ಷಿತ ಜೌಗು ಪ್ರದೇಶ, ಪ್ರವೇಶ ನಿಷೇಧ. ಅದರ ಬೆನ್ನಿಗೇ ಕಂಪನಿಯ ಬೋರ್ಡು — ಶಾಪಿಂಗ್ ಕಾಂಪ್ಲೆಕ್ಸ್, ನಾಲ್ಕು ಮಹಡಿ, ಪಾರ್ಕಿಂಗ್ ಉಚಿತ. ನಾಚಿಕೆ ಅನ್ನೋದು ಬೋರ್ಡಿಗೂ ಇಲ್ಲ. ರಸ್ತೆಗೆ ಅಂಟಿಕೊಂಡ ಈ ಹುಲ್ಲುಗಾವಲು ಒಣನೆಲ, ಜೌಗಿನ ನಕ್ಷೆಯಿಂದ ತೆಗೆದುಹಾಕಿ ಅಂತ ಕಂಪನಿಯ ಅರ್ಜಿ. ತೆಗೆದರೆ ಮುಗೀತು. ಇವತ್ತು ಈ ತುಂಡು. ನಾಳೆ ಅದರಾಚೆ ನೀರಂಚಿನಲ್ಲಿ ಆಳೆತ್ತರ ಬೆಳೆದ ಆಪಿನ ಹುಲ್ಲು. ನಾಡಿದ್ದು ಅದರಾಚೆಯ ನೀರು.

ಪೆಂಡಾಲು ಆ ಹುಲ್ಲುಗಾವಲಿನ ನಟ್ಟನಡುವೆ. ನನ್ನದೇ ಹಟ. ಸಮಿತಿಯ ಅಧ್ಯಕ್ಷರು ಮೇಷ್ಟ್ರು — ರಿಟೈರಾದರೂ ಧರಣಿಗೆ ಬಂದವರ ಹಾಜರಿ ಕೂಗ್ತಾರೆ — ರಸ್ತೆ ಬದಿ ಕೂರೋಣ ಅಂದಿದ್ದರು. ನಾನು ಎದ್ದು ನಿಂತು ಹೇಳಿದೆ: “ರಸ್ತೇಲಿ ಕೂತರೆ ನಾವು ಬರೀ ಟ್ರಾಫಿಕ್ ಜಾಮ್. ಅವರು ಕಟ್ಟೋ ಜಾಗದಲ್ಲೇ ಕೂತರೆ ಹೋರಾಟ.” ಚಪ್ಪಾಳೆ ಬಿತ್ತು.

ಜುಲೈ 3

“ಬಂತು ಮೈಕು” ಅಂದಳು ಅತ್ತಿಗೆ. ನನಗೆ ಅವಳಿಟ್ಟ ಹೆಸರು. ಅವಳ ಹೊಲಿಗೆ ಮಿಷನ್ನು ಬಾಗಿಲ ಪಕ್ಕದ ಸಂದಿನಲ್ಲಿ. ಮನೆಯೊಳಗೆ ಹೋಗಬೇಕಾದರೆ ಯಾರೇ ಆಗಲಿ ಅವಳ ಮಂಡಿ ದಾಟಬೇಕು. ಮದುವೆಯಾಗಿ ಬಂದಾಗಿನಿಂದ ಅಲ್ಲೇ, ಬಾಗಿದ ಬೆನ್ನು, ಮಂಕು ಬಲ್ಬು.

ಕಂಪನಿ ಅವಳಿಗೆ ಅಂಗಡಿ ಕೊಡುತ್ತಂತೆ. ನೆಲಮಹಡಿ. ನಂಬರ್ ಹದಿನಾಲ್ಕು. ಟೋಕನ್ ಬಂದಿದೆ.

“ನಿನಗೆ ಕೊಕ್ಕರೆ ಬೇಕು. ನನಗೆ ಗಾಜಿನ ಬಾಗಿಲು ಬೇಕು. ಯಾರದು ದುರಾಸೆ, ಹೇಳು?”

 ಅವಳ ಬೆನ್ನು ನೋಡಿ, ಬಲ್ಬನ್ನು ಸೂಜಿಯ ಹತ್ತಿರಕ್ಕೆ ಎಳೆದಿಟ್ಟೆ.

ಅಣ್ಣ ಬಸ್ ಡ್ರೈವರ್. ತಟ್ಟೆ ಮುಂದೆ ಕೂತು ಹಾರ್ನ್ ಹೊಡೆದ ಹಾಗೆ ಒಂದು ಸಲ ಕೆಮ್ಮಿದ. ಯಾವ ಜಗಳದಲ್ಲೂ ಅವನ ಪಕ್ಷ ಅಷ್ಟೇ.

ಜುಲೈ 9

ಥೂ.

ಇವತ್ತು ಸರ್ಕಾರಿ ಕಚೇರಿಯಲ್ಲಿ ಕಂಪನಿ ಅರ್ಜಿಯ ವಿಚಾರಣೆ. ಕಂಪನಿಯವನು — ಬಿರುಬಿಸಿಲಲ್ಲೂ ಟೈ ಕಟ್ಟಿ ಬರ್ತಾನೆ, ಅದಕ್ಕೇ ಎಲ್ಲರ ಬಾಯಲ್ಲಿ ಅವನು ಟೈ — ವಿಚಾರಣಾಧಿಕಾರಿ ಮೇಡಂ ಮೇಜಿನ ಮೇಲೆ ಫೋಟೋ ಹರಡಿದ. ನಮ್ಮ ಪೆಂಡಾಲು. ನಮ್ಮ ಕುರ್ಚಿ. ನಮ್ಮ ಸ್ಟೌ. ಮಂಚದ ಮೇಲೆ ಬಾಯಿ ತೆರೆದು ಮಲಗಿದ ಮೇಷ್ಟ್ರು.

“ನೀರೆಲ್ಲಿದೆ ಮೇಡಂ? ಹೋರಾಟಗಾರರೇ ವಾರಗಟ್ಟಲೆಯಿಂದ ಬೆಚ್ಚಗೆ ಮಲಗಿದ್ದಾರೆ. ಒಬ್ಬರಿಗೂ ಕಾಲು ಒದ್ದೆಯಾಗಿಲ್ಲ.”

ವಿಚಾರಣಾಧಿಕಾರಿ ಫೋಟೋ ನೋಡಿದರು. ನನ್ನನ್ನು ನೋಡಿದರು. ಕೈಲಿದ್ದ ಕರಪತ್ರ ಮಡಿಚಿ ಚೀಲಕ್ಕೆ ಹಾಕಿಕೊಂಡೆ.

ಇಪ್ಪತ್ತನೇ ತಾರೀಕು ಅವರೇ ಬಂದು ನೋಡ್ತಾರೆ. ಅಲ್ಲೇ ನಿಂತು ಬರೀತಾರೆ. ಜೌಗು ಅಂತ ಬರೆದರೆ ಉಳೀತು. ಒಣನೆಲ ಅಂತ ಬರೆದರೆ ಮರುದಿನವೇ ಮಣ್ಣಿನ ಲಾರಿ.

ಪೆಂಡಾಲು ಕಿತ್ತರೆ ಓಡಿಹೋದರು ಅಂತಾರೆ. ಕೂತರೆ, ನೆಲ ಒಣಗಿದೆ ಅನ್ನೋದಕ್ಕೆ ನಮ್ಮ ಕುಂಡಿಗಳೇ ಸಾಕ್ಷಿ. ಮೇಷ್ಟ್ರು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಜುಲೈ 10

ಜೆಸಿಬಿ ಬಂತು. ರಸ್ತೆಗೂ ಹುಲ್ಲುಗಾವಲಿಗೂ ಮಧ್ಯೆ ಉದ್ದಕ್ಕೂ ಕಂದಕ ತೋಡಿದ್ದಾರೆ. ನಮ್ಮ ಮೈಕಿನ ಆಟೋ ಒಳಗೆ ಬರಬಾರದಂತೆ. ರಾಜಮಹಾರಾಜರು! ದಾಟೋಕೆ ಒಂದು ಹಲಗೆ ಹಾಕಿಕೊಂಡೆವು. ಪೆಂಡಾಲು ಕೀಳಲ್ಲ, ತೀರ್ಮಾನ ಆಯಿತು.

ಕತ್ತರಿಸಿದ ಅಂಚಿನಲ್ಲಿ ಬೇರು ನೇತಾಡ್ತಿದೆ. ಮಣ್ಣೇ ಇಲ್ಲ, ಬರೀ ಬೇರು. ಕಪ್ಪು ಜಡೆ ಜಡೆ. ಸಂಜೆಗೆ ಕಂದಕದಲ್ಲಿ ನೀರು. ಮೇಷ್ಟ್ರು ತೋರಿಸಿದರೆ ಟೈ ಹೇಳಿದ, “ಮಳೆ ನೀರು ಸಾರ್.” ಆಕಾಶದಲ್ಲಿ ಮೋಡದ ಚೂರಿಲ್ಲ.

ಜುಲೈ 15

ಇವತ್ತಿನದನ್ನ ಮೊದಲಿಂದ ಬರೀಬೇಕು. ಒಂದೂ ಬಿಡದೆ.

ಅಂಗಡಿ ಟೋಕನ್ ಇರುವವರೆಲ್ಲ ಇಪ್ಪತ್ತಕ್ಕೆ ಬಂದು “ಇದು ಒಣನೆಲ” ಅಂತ ಹೇಳಬೇಕು ಅಂತ ಟೈ ಮನೆಮನೆಗೆ ಹೇಳಿ ಹೋಗಿದ್ದಾನೆ. ಅದಕ್ಕೇ ಅತ್ತಿಗೆ ಇವತ್ತು ತನ್ನ ಅಂಗಡಿ ನೋಡಲು ಬಂದಳು. ಕೊರಳಲ್ಲಿ ಅಳತೆ ಟೇಪು. ಹುಲ್ಲಿನ ಮೇಲೇ ಅಳೆಯೋಕೆ ಶುರು.

“ಇಲ್ಲಿ ಬಾಗಿಲು. ಇಲ್ಲಿ ಮಿಷನ್ನು, ಬೆಳಕು ಎಡಗಡೆಯಿಂದ. ಅಲ್ಲಿ ಟ್ರಯಲ್ ರೂಮು.”

“ಅಲ್ಲಿ ಮೇಷ್ಟ್ರು ಮಲಗಿದ್ದಾರೆ.”

“ಎಬ್ಬಿಸು. ಬಾಡಿಗೆ ಕೇಳ್ತೀನಿ.”

ರೇಗಿತು. ಇದು ನೆಲ ಅಲ್ಲ ಕಣೇ, ಜೌಗು ಅಂದೆ. ಕರಪತ್ರದಲ್ಲಿದ್ದ ಅಷ್ಟೂ ಸಾಲು ಒದರಿದೆ. ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

“ಜೌಗಂತೆ! ನೋಡಿಲ್ಲಿ, ಕಲ್ಲಿದ್ದ ಹಾಗಿದೆ” — ಎರಡೂ ಕಾಲೆತ್ತಿ ಧೊಪ್ ಅಂತ ಹಾರಿದಳು.

ಪೆಂಡಾಲಿನ ಆ ತುದಿಯ ಕಂಬ ತಲೆ ಆಡಿಸಿತು.

ನಾನು ನೋಡಿದೆ. ಅವಳೂ ನೋಡಿದಳು. ಸ್ಟೌ ಮೇಲಿನ ಪಾತ್ರೆಯಲ್ಲಿ ಟೀ ಆಚೀಚೆ ಓಲಾಡಿತು. ಅವಳು ಇನ್ನೊಂದು ಸಲ ಹಾರಿದಳು, ಈ ಸಲ ಮೆಲ್ಲಗೆ. ಅವಳ ಪಾದದಿಂದ ಹೊರಟ ಅಲೆ ಹುಲ್ಲಿನೊಳಗೇ ಸಾಗಿ ಸಾಗಿ ಆಪಿನವರೆಗೆ ಹೋಯಿತು. ಅಲ್ಲಿಂದ ಹಕ್ಕಿಗಳು ಒಟ್ಟಿಗೇ ಎದ್ದವು.

ಬಾವುಟದ ಬಿದಿರು ಕಿತ್ತು ನೆಲಕ್ಕೆ ಚುಚ್ಚಿದೆ. ಎದೆಯುದ್ದ ಬೇರು, ಗಟ್ಟಿ. ಆಮೇಲೆ ಏನೂ ಇಲ್ಲ. ಬಿದಿರು ಕೈಯಿಂದ ಜಾರಿ ಒಳಗೆ ಹೋಯಿತು. ತಳ ತಾಗಿದ ಸದ್ದೇ ಬರಲಿಲ್ಲ. ತೂತಿನಿಂದ ತಣ್ಣನೆಯ ಗಾಳಿ, ಆಮೇಲೆ ಕಪ್ಪು ನೀರು ನಿಧಾನಕ್ಕೆ ಉಕ್ಕಿತು. ಅದರಲ್ಲಿ ಗಾಜಿನಂಥ ಒಂದು ಮರಿಮೀನು.

ಇಡೀ ಹುಲ್ಲುಗಾವಲು ತೇಲ್ತಿದೆ. ನಾವು, ಸ್ಟೌ, ಕುರ್ಚಿ, ಮಂಚ — ಎಲ್ಲ ನೀರಿನ ಮೇಲೆ.

ಅತ್ತಿಗೆ ಕೂತುಬಿಟ್ಟಳು. ಅಂಗೈ ಹುಲ್ಲಿನ ಮೇಲಿಟ್ಟು, ದನಿಯೇ ಇಲ್ಲದ ಹಾಗೆ: “ನನ್ನ ಅಂಗಡಿ ಉಸಿರಾಡ್ತಿದೆಯಲ್ಲೇ...”

ಜುಲೈ 16, ಬೆಳಗಿನ ಜಾವ

ಬೇರೆ ಯಾರೂ ಎದ್ದಿಲ್ಲ. ಹುಲ್ಲಿಗೆ ಕಿವಿಯಿಟ್ಟು ಮಲಗಿದೆ. ಕೆಳಗೆ ಏನೋ ನಡೀತಿದೆ. ಗುಳುಗುಳು. ಮೌನ. ದೂರದಲ್ಲಿ ಯಾರೋ ಹೆಬ್ಬಾಗಿಲು ತಳ್ಳಿದಂಥ ಸದ್ದು. ಮತ್ತೆ ಮೌನ. ನನ್ನ ಕೆನ್ನೆ ಕೂದಲೆಳೆಯಷ್ಟು ಮೇಲಕ್ಕೆ, ಕೂದಲೆಳೆಯಷ್ಟು ಕೆಳಕ್ಕೆ.

ಯಾರ ಅಪ್ಪಣೆ ಕೇಳಿ ನೆಯ್ದುಕೊಂಡಿತು ಇದು? ಒಂದು ಬೇರು ಇನ್ನೊಂದರ ಕೈ ಹಿಡಿದು, ಸತ್ತದ್ದರ ಮೇಲೆ ಹುಟ್ಟಿದ್ದು ಕೂತು, ದನ ಮೇಯುವಷ್ಟು ಗಟ್ಟಿ. ನಮ್ಮ ಸಂಘಟನೆ ಹೀಗಿದ್ದಿದ್ದರೆ! ಎಷ್ಟು ಬ್ಯಾನರಿನಲ್ಲಿ ಜೌಗು ಅಂತ ಬರೆದಿದ್ದೀನಿ. ದಪ್ಪ ಅಕ್ಷರ, ಕೆಂಪು ಶಾಯಿ. ಉಳಿಸೋಕೆ ಬಂದದ್ದು ಏನನ್ನ ಅಂತ ಒಂದು ದಿನವೂ ಕಣ್ಣು ಬಿಟ್ಟು ನೋಡಿರಲಿಲ್ಲ.

ಎದ್ದಾಗ ಕೆನ್ನೆ ಮೇಲೆಲ್ಲಾ ಹುಲ್ಲಿನ ಗೀರು. ಒರೆಸಿಕೊಳ್ಳಲಿಲ್ಲ.

ಜುಲೈ 17

ಸಮಿತಿ ಸಭೆ. ಇಪ್ಪತ್ತಕ್ಕೆ ಘೋಷಣೆ ಇಲ್ಲ, ಭಾಷಣ ಇಲ್ಲ, ಮೈಕು ಬಂದ್. ಎಲ್ಲರೂ ಒಟ್ಟಿಗೆ ಹಾರೋದು, ಅಷ್ಟೇ. ಜನ್ಮದಲ್ಲಿ ಮೊದಲ ಸಲ ಮೌನಕ್ಕೆ ಕೈ ಎತ್ತಿದೆ. “ಹುಷಾರಿದ್ದೀಯಾ ತಾಯಿ?” ಅಂದರು ಮೇಷ್ಟ್ರು.

ಮನೆಗೆ ಬಂದರೆ ಅತ್ತಿಗೆ ಮಿಷನ್ ನಿಲ್ಲಿಸಿ ಕಾಯ್ತಿದ್ದಳು.

“ಅವತ್ತು ನಾನೇನು ಹೇಳಲಿ?”

“ನಿನ್ನ ಕಾಲಿಗೆ ಗೊತ್ತಾದದ್ದನ್ನ ಹೇಳು.”

“ಕಾಲಿಗೆ ಗೊತ್ತು. ಬೆನ್ನಿಗೆ ಗೊತ್ತಾಗಬೇಕಲ್ಲ.” ದಾರ ಹಲ್ಲಿನಲ್ಲಿ ಕಡಿದಳು. “ಇಂಥ ಅಂಗಡಿ ನನಗೆ ಇನ್ನೊಂದು ಸಲ ಯಾರು ಕೊಡ್ತಾರೆ? ನೀನು ಕೊಡ್ತೀಯಾ? ನಿನ್ನ ಮೇಷ್ಟ್ರು ಕೊಡ್ತಾರಾ?”

ಅವಳ ಮಂಡಿ ದಾಟಿ ಒಳಗೆ ಹೋದೆ.

ಜುಲೈ 19

ನಿನ್ನೆಯಿಂದ ಮಳೆ. ಮೇಲಿನ ಅಣೆಕಟ್ಟಿನ ಗೇಟು ತೆಗೆದಿದ್ದಾರಂತೆ. ಪೆಂಡಾಲಿಗೆ ಓಡಿದೆ, ಎಲ್ಲ ಮುಳುಗಿರುತ್ತೆ ಅಂತ.

ಒಂದು ಕುರ್ಚಿಯೂ ಒದ್ದೆಯಾಗಿಲ್ಲ ಕೆಳಗಿನಿಂದ. ಕಂದಕ ತುಂಬಿ ತುಳುಕ್ತಿದೆ. ಹೋದ ವಾರ ಹಲಗೆ ನಮ್ಮ ಕಡೆಗೆ ಇಳಿಜಾರಾಗಿತ್ತು. ಇವತ್ತು ಅದನ್ನು ಹತ್ತಬೇಕಾಯಿತು. ನೀರು ಏರಿತು, ಅದರ ಜೊತೆ ನೆಲವೂ ಏರಿತು. ನಮ್ಮನ್ನೆಲ್ಲ ಹೊತ್ತುಕೊಂಡು, ಸದ್ದಿಲ್ಲದೆ. ಹಲಗೆಯ ಮೇಲೆ ನಿಂತೇ ಇದ್ದೆ. ಮೇಷ್ಟ್ರು ಕೊಡೆ ತಂದು ಹಿಡಿದರು.

ಜುಲೈ 20, ಹತ್ತು ಗಂಟೆ

ಮಳೆ ನಿಂತಿದೆ. ಗಾಳಿ ಜೋರು. ರಸ್ತೆ ಕಡೆಯಿಂದ ಬೀಸಿ ಬೀಸಿ ಪೆಂಡಾಲಿನ ಬಟ್ಟೆ ಉಬ್ಬಿ ನಿಂತಿದೆ. ಅತ್ತಿಗೆ ಟೋಕನ್ನಿನವರ ಸಾಲಿನಲ್ಲಿದ್ದಾಳೆ. ನನ್ನ ಕಡೆ ತಿರುಗಿಲ್ಲ.

ಹನ್ನೊಂದೂವರೆ

ಅಧಿಕಾರಿ ಬಂದರು. ಟೈ ಓಡಿಹೋಗಿ ಹುಲ್ಲಿನ ಮೇಲೆ ಕುರ್ಚಿ ಹಾಕಿದ. “ಕೂತ್ಕೊಳ್ಳಿ ಮೇಡಂ. ಅಲ್ಲಾಡುತ್ತಾ ಹೇಳಿ.” ಅಲ್ಲಾಡಲಿಲ್ಲ. ಟೋಕನ್ನಿನವರು ಒಬ್ಬೊಬ್ಬರಾಗಿ — ಒಣನೆಲ ಮೇಡಂ, ಒಣನೆಲ ಮೇಡಂ.  ನಾನು ಕೂಗದಿರಲಿ ಅಂತ ಮೇಷ್ಟ್ರು ನನ್ನ ಎಡ ಮಣಿಕಟ್ಟು ಹಿಡಿದಿದ್ದಾರೆ. ಮುಂದಿನದು ಅತ್ತಿಗೆ.

ಹನ್ನೆರಡು

ಬರೆಯಲೇಬೇಕು. ಮಂಡಿ ಮೇಲಿಟ್ಟು ಬರೀತಿದ್ದೀನಿ.

ಅತ್ತಿಗೆ ಚಪ್ಪಲಿ ಬಿಟ್ಟಳು. “ಮೇಡಂ, ಇದು ನನ್ನ ಅಂಗಡಿ, ನಂಬರ್ ಹದಿನಾಲ್ಕು. ನನಗೆ ಇದು ತುಂಬಾ ಬೇಕು. ಮೊದಲು ಅದನ್ನ ತಿಳ್ಕೊಳ್ಳಿ.” ಅಧಿಕಾರಿ ತಲೆ ಆಡಿಸಿದರು. “ಈಗ ಸ್ವಲ್ಪ ಕುಣೀತೀನಿ, ತಪ್ಪು ತಿಳೀಬೇಡಿ.”

ಹಾರಿದಳು. ಕುರ್ಚಿ ಎದ್ದು ಕೂತಿತು. ಮೇಷ್ಟ್ರು ಎದ್ದರು, ನಾವೆಲ್ಲ ಎದ್ದೆವು — ಒಂದು, ಎರಡು, ಮೂರು. ನೆಲ ಬೆನ್ನು ಬಗ್ಗಿಸಿತು, ಬೆನ್ನು ಎತ್ತಿತು. ಟೈ ದಪ್ ಅಂತ ಕೂತ. ಅಧಿಕಾರಿ ಕುರ್ಚಿ ಬಿಟ್ಟಿಳಿದು ಎರಡೂ ಕೈ ಹುಲ್ಲಿಗೆ ಊರಿ ಕಣ್ಣು ಮುಚ್ಚಿದರು. 

ಆಗಲೇ ಕಂದಕದ ಕಡೆಯಿಂದ ಸದ್ದು. ಅತ್ತಿಗೆ ಥಾನಿನಿಂದ ಬಟ್ಟೆ ಹರಿಯುವಾಗ ಬರುವಂಥದ್ದು, ಆದರೆ ಉದ್ದ, ಎಷ್ಟು ಉದ್ದ! ಹಲಗೆ ನೀರಿಗೆ ಬಿತ್ತು. ದಡ ಹಿಂದಕ್ಕೆ ಸರೀತಿದೆ. ಅಲ್ಲ, ನಾವು ಸರೀತಿದ್ದೀವಿ. ಕಂದಕ ತೋಡಿ ಅವರೇ ಬೇರು ಕಡಿದರು, ಈ ಗಾಳಿಗೆ ಪೆಂಡಾಲೇ ಹಾಯಿ ಆಯಿತು. ರಸ್ತೆಯಲ್ಲಿ ಅಣ್ಣನ ಬಸ್ಸು ನಿಂತಿದೆ. ಹಾರ್ನ್ ಮೇಲೆ ಹಾರ್ನ್.

“ನಿಲ್ಲಿಸಿ! ಯಾರಾದರೂ ನಿಲ್ಲಿಸಿ!” ಟೈ ಕೂಗ್ತಿದ್ದಾನೆ.

“ಬ್ರೇಕ್ ಇಲ್ಲ ಸ್ವಾಮಿ” ಅಂದಳು ಅತ್ತಿಗೆ. ನಗ್ತಿದ್ದಾಳೆ, ಕಣ್ಣಲ್ಲಿ ನೀರು. ಟೇಪಿನ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ನೀರಿನ ಮೇಲೆ.

ಆಪು ಎರಡು ಕಡೆ ಬಾಗಿ ದಾರಿ ಬಿಡ್ತಿದೆ. ಮುಂದೆ ತೆರೆದ ನೀರು. ಹಕ್ಕಿಗಳು ಏಳುತ್ತಿಲ್ಲ ಈ ಸಲ, ಸುಮ್ಮನೆ ನೋಡ್ತಿವೆ, ಇಷ್ಟು ಹತ್ತಿರದಿಂದ...

ಅಧಿಕಾರಿಯ ಪೆನ್ನು ನೀರಿಗೆ ಬಿತ್ತಂತೆ. ಫೈಲು ತೆರೆದು ಮಂಡಿಯ ಮೇಲಿಟ್ಟುಕೊಂಡಿದ್ದಾರೆ. ನನ್ನ ಪೆನ್ನು ಬೇಕಂತೆ, ಈಗಲೇ, ಇಲ್ಲೇ ಬರೀಬೇಕಂತೆ. ತಡಿ ಅತ್ತಿಗೆ, ಕೈ ಎಳೀಬೇಡ, ಕೊಡ್ತೀನಿ, ಇದೊಂದು ಸಾಲು —